ಸರೋವರದ ಅಂಚಿಗೆ ಫಾಲ್ಸ್

ಶಿವರಾತ್ರಿ ಕಳೆದ ಮೂರನೆಯ ದಿನ, ನರಸಿಂಹರಾಜಪುರದ ನಿವೃತ್ತ ಸರ್ವೆಯರ್ ಗಂಗಾಧರ್ ಅವರು ಕಾಫಿ ಲೋಟ ಕೆಳಗಿಟ್ಟು ಒಂದು ಘೋಷಣೆ ಹೊರಡಿಸಿದರು.

“ಕಮಲಾ, ನಮ್ಮ ಹಿತ್ತಲಲ್ಲಿ ಒಂದು ಸರೋವರ ನಿರ್ಮಿಸ್ತೀನಿ. ತಾವರೆ ಹೂವಿನ ಸರೋವರ!”

ಅವರ ಹೆಂಡತಿ ಕಮಲಕ್ಕ ಬೀನ್ಸಿನ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ. “ಮನೇಲಿರೋ ಒಂದು ಕಮಲಾನ ನೋಡಿಕೊಳ್ಳೋಕೇ ನಿಮಗೆ ಪುರಸೊತ್ತಿಲ್ಲ. ಇನ್ನು ಹೊಂಡ ತೋಡಿ ಬೇರೆ ಕಮಲ ಸಾಕ್ತೀರಾ?”

“ಹೊಂಡ ಅಲ್ಲ ಕಣೇ, ಸರೋವರ!”

“ತೋಡೋತನಕ ಎಲ್ಲಾ ಸರೋವರಾನೇ.”

ಮೂವತ್ತು ವರ್ಷ ತಾಲ್ಲೂಕಿನ ಗದ್ದೆ ತೋಟಗಳನ್ನೆಲ್ಲ ಸರಪಳಿ ಹಿಡಿದು ಅಳೆದು, ಅಣ್ಣತಮ್ಮಂದಿರ ನಡುವೆ ಬಾಂದುಕಲ್ಲು ನೆಡಿಸಿ, ಎರಡೂ ಕಡೆಯವರಿಂದ ಬೈಸಿಕೊಂಡು ಗಟ್ಟಿಯಾದ ಜೀವ ಅದು. ಹತ್ತಡಿ ಉದ್ದ, ಆರಡಿ ಅಗಲ, ಮೂರಡಿ ಆಳದ ಗುಂಡಿ ಅವರಿಗೆ ಯಾವ ಮಹಾ! ನಕ್ಷೆ ಬರೆದರು. ನಕ್ಷೆಯ ಮೂಲೆಗೆ ಉತ್ತರ ದಿಕ್ಕಿನ ಬಾಣವನ್ನೂ ಹಾಕಿದರು. ಅಗೆದರು, ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡರು, ಮತ್ತೆ ಅಗೆದರು. ಕೃಷಿ ಹೊಂಡಕ್ಕೆ ಹಾಸುವ ಕಪ್ಪು ಪ್ಲಾಸ್ಟಿಕ್ ಶೀಟು ತಂದು ಹಾಸಿದರು. ದಿನ ಬಿಟ್ಟು ದಿನ ಬರುವ ನಲ್ಲಿ ನೀರನ್ನು ಮೂರು ಸರದಿ ತುಂಬಿಸಿ, ನರ್ಸರಿಯಿಂದ ತಂದ ತಾವರೆಯನ್ನು ಕುಂಡದ ಸಮೇತ ಒಳಗಿಳಿಸಿದರು.

ನೀರು ಮಾತ್ರ ಅವರ ನಕ್ಷೆಯನ್ನು ನೋಡಿರಲಿಲ್ಲ. ಅದು ತನ್ನ ಮಟ್ಟವನ್ನು ತಾನೇ ಹುಡುಕಿಕೊಂಡಿತು. ಪಶ್ಚಿಮದ ದಡದಲ್ಲಿ ನೀರು ತುಳುಕುತ್ತಿದ್ದರೆ ಪೂರ್ವದ ದಡದಲ್ಲಿ ಒಂದು ಗೇಣು ಕಪ್ಪು ಪ್ಲಾಸ್ಟಿಕ್ಕು ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಇನ್ನಷ್ಟು ನೀರು ಬಿಟ್ಟರೆ ಅದು ಪಶ್ಚಿಮದಲ್ಲಿ ಉಕ್ಕಿ, ಒಂದಾಳು ತಗ್ಗಿನಲ್ಲಿದ್ದ ಪಕ್ಕದ ಮನೆ ಕಾಂತೇಶನ ಹಿತ್ತಲಿಗೆ ಇಳಿಯುತ್ತಿತ್ತು. ಇಡೀ ತಾಲ್ಲೂಕಿನ ಏರುತಗ್ಗು ಅಳೆದವರ ಸ್ವಂತ ಸರೋವರ ಒಂದು ಗೇಣು ವಾಲಿತ್ತು!

“ಲಂಗ ಕಾಣ್ತಿದೆ ರೀ” ಎಂದರು ಕಮಲಕ್ಕ.

ಗಂಗಾಧರ್ ಗಾಬರಿಯಿಂದ ರಸ್ತೆಯ ಕಡೆ ನೋಡಿದರು. “ಯಾರದ್ದು?”

“ನಿಮ್ಮ ಸರೋವರದ್ದು! ಸೀರೆ ಮೇಲೆ ಉಟ್ಟು ಒಳಲಂಗ ಕಂಡ ಹಾಗಿದೆ.”

ಕಂಡರೆ ಕಾಣಲಿ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಆ ಬುಧವಾರ ಸಂಜೆ ಬಾಳೆಹೊನ್ನೂರಿನಿಂದ ಅತ್ತೆ ವೀರಬಸಮ್ಮನವರ ಫೋನ್ ಬಂತು.

ವೀರಬಸಮ್ಮನವರು ಈ ಮೂವತ್ತೆರಡು ವರ್ಷಗಳಲ್ಲಿ ಅಳಿಯನನ್ನು ಒಂದೇ ಒಂದು ಸಲ ಹೊಗಳಿದವರಲ್ಲ. ಮದುವೆಯ ಮಂಟಪದಲ್ಲಿ “ಹುಡುಗ ಸ್ವಲ್ಪ ಕುಳ್ಳ” ಎಂದಿದ್ದರು. ಪ್ರಮೋಷನ್ ಬಂದಾಗ “ಅಂತೂ ಕೊಟ್ರಲ್ಲ ಪಾಪ” ಎಂದಿದ್ದರು. ಗಂಗಾಧರ್ ಹೊರಗೆ ನಗುತ್ತಿದ್ದರೂ ಒಳಗೊಳಗೆ ಇದನ್ನು ನುಂಗಿಕೊಂಡೇ ಬಂದಿದ್ದರು.

“ಹಿತ್ತಲಲ್ಲಿ ಸರೋವರ ತೋಡಿದೆ ಅತ್ತೆ, ಮೂರೇ ಅಡಿ. ನಲ್ಲಿಯಿಂದ...” ಎನ್ನುವಷ್ಟರಲ್ಲಿ ನೆಟ್‌ವರ್ಕ್ ಕೊರಕೊರ ಎಂದು ‘ನಲ್ಲಿ’ಯನ್ನು ನುಂಗಿಹಾಕಿತು. “...ನೀರು ತುಂಬಿದೆ!”

“ಮೂರಡಿಗೇ ನೀರು ಬಂತಾ! ಈ ಬಿರುಬೇಸಿಗೆಲಿ? ಒರತೆನಾ?” ಆ ಕಡೆಯಿಂದ ಅತ್ತೆಯ ದನಿ ಏರಿತು. “ನಮ್ಮ ಕಡೆ ನಾನೂರು ಅಡಿ ಬೋರ್ ಹೊಡೆಸಿದ್ರೂ ಬರೀ ಧೂಳು! ನಿಮ್ಮ ಕೈಗುಣ ದೊಡ್ಡದು ಅಳಿಯಂದ್ರೆ. ಹೆಸರಿಗೆ ತಕ್ಕ ಹಾಗೆ ಗಂಗೇನ ಕರೆದುಬಿಟ್ರಲ್ಲ!”

ಗಂಗಾಧರರ ಕಿವಿ ತಂಪಾಯಿತು, ಎದೆ ಬೆಚ್ಚಗಾಯಿತು, ಬುದ್ಧಿ ಪೂರ್ತಿ ರಜೆ ಹಾಕಿ ಹೋಯಿತು. “ಅಲ್ಲ ಅತ್ತೆ, ಅದು ನಲ್ಲಿ ನೀರು” ಎನ್ನಬೇಕಾದ ಬಾಯಿ ಹೇಳಿದ್ದು ಒಂದೇ ಅಕ್ಷರ: “ಹೂಂ.”

“ಸೋಮವಾರ ಬರ್ತೀನಿ. ಗಂಗೆ ಪೂಜೆ ಮಾಡದೆ ಬಿಡೋ ಹಾಗಿಲ್ಲ.”

ಫೋನ್ ಇಟ್ಟ ಮೇಲೆ ಕಮಲಕ್ಕ ಕೇಳಿದರು, “ಅಮ್ಮಂಗೆ ಏನು ಸುಳ್ಳು ಹೇಳಿದ್ರಿ?”

“ನಾನೇನೂ ಹೇಳಿಲ್ಲ. ಹೂಂ ಅಂದೆ ಅಷ್ಟೆ.”

“ಒರತೆ ಹೊಂಡಕ್ಕೆ ಪ್ಲಾಸ್ಟಿಕ್ ಯಾಕೆ ಅಂತ ಕೇಳಿದ್ರೆ?”

“ಪ್ಲಾಸ್ಟಿಕ್ಕೇ ಕಾಣದ ಹಾಗೆ ಮಾಡ್ತೀನಿ! ಸರ್ವೆಯರ್ ಗಂಗಾಧರ್ ಮನಸ್ಸು ಮಾಡಿದ್ರೆ ಒಂದು ಅಂಚು ಮುಚ್ಚೋಕಾಗಲ್ವಾ?”

ಮೂವತ್ತೆರಡು ವರ್ಷ ಕಾದು ಸಿಕ್ಕಿದ ಹೊಗಳಿಕೆಯನ್ನು ಒಂದು ಗೇಣು ಪ್ಲಾಸ್ಟಿಕ್ಕಿಗಾಗಿ ಕಳೆದುಕೊಳ್ಳಲು ಅವರ ಮನಸ್ಸು ಸುತಾರಾಂ ಒಪ್ಪಲಿಲ್ಲ.

ಗುರುವಾರ ಹಳ್ಳದಿಂದ ನುಣುಪು ಕಲ್ಲು ತಂದು ಅಂಚಿಗೆ ಜೋಡಿಸಿದರು. ಕಲ್ಲುಗಳು ಪ್ಲಾಸ್ಟಿಕ್ಕಿನ ಮೇಲೆ ಜಾರುಬಂಡೆ ಆಡುತ್ತ ಒಂದೊಂದಾಗಿ ಗುಳುಂ ಎಂದು ಮುಳುಗಿದವು. ಉಳಿದ ನಾಲ್ಕನ್ನು ನೋಡಿ ಕಮಲಕ್ಕ, “ಯಾವ ಸರ್ವೆ ನಂಬರಿನ ಬಾಂದುಕಲ್ಲು ಇವು?” ಎಂದರು. ಶುಕ್ರವಾರ ಗೋಣಿಚೀಲ ಹೊದಿಸಿದರು. ಬೀದಿ ನಾಯಿಯೊಂದು ಬಂದು ಅದರ ಮೇಲೆ ಮರಿ ಸಮೇತ ಮಲಗಿತು.

ಶನಿವಾರ ಬೆಳಿಗ್ಗೆ ಕಮಲಕ್ಕ ಕೊಪ್ಪದಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೊರಟು, ಚಪ್ಪಲಿ ಮೆಟ್ಟುತ್ತ ಹೇಳಿದರು. “ಇಷ್ಟಕ್ಕೆಲ್ಲ ಯಾಕೆ ಒದ್ದಾಡ್ತೀರಿ? ಅಂಚಿಗೊಂದು ಫಾಲ್ಸ್ ಹಾಕಿದ್ರೆ ಸರಿಹೋಗುತ್ತೆ.”

ಫಾಲ್ಸ್! ಗಂಗಾಧರರ ತಲೆಯೊಳಗೆ ದೀಪ ಹತ್ತಿತು. ಕಿಗ್ಗದ ಹತ್ತಿರದ ಸಿರಿಮನೆ ಫಾಲ್ಸಿಗೆ ಅವರು ಎಷ್ಟು ಸಲ ಹೋಗಿಲ್ಲ! ಮೇಲಿಂದ ನೀರು ಧುಮುಕುತ್ತಿದ್ದರೆ ಅದರ ಹಿಂದಿನ ಪ್ಲಾಸ್ಟಿಕ್ಕು ಯಾರ ಕಣ್ಣಿಗೆ ಬಿದ್ದೀತು? ಇಡೀ ದಿನ ಬೆವರು ಸುರಿಸಿ ಕೆಂಪು ಕಲ್ಲುಗಳನ್ನು ಎದೆಯೆತ್ತರ ಪೇರಿಸಿದರು. ಚಾವಣಿಯ ಟ್ಯಾಂಕಿಗೆ ನೀರೇರಿಸುವ ಪಂಪಿಗೆ ಪೈಪು ಸಿಕ್ಕಿಸಿ, ದೇವರನ್ನು ನೆನೆದು ಸ್ವಿಚ್ ಒತ್ತಿದರು.

ನೀರು ಧುಮುಕಲಿಲ್ಲ, ಹಾರಿತು! ಕಲ್ಲು ದಾಟಿ, ಸರೋವರ ದಾಟಿ, ಕಾಂಪೌಂಡ್ ದಾಟಿ, ಕಾಂತೇಶನ ಹಿತ್ತಲಲ್ಲಿ ಒಣಗಿದ್ದ ಬಟ್ಟೆಗಳನ್ನು ಎರಡನೆಯ ಸಲ ಒಗೆಯಿತು.

“ಗಂಗಣ್ಣ! ಆಗ್ಲೇ ಮಡಚೋಕೆ ಬಂದಿದ್ದೆ ಮಾರಾಯ್ರೆ!” ಎಂಬ ಕೂಗು ತಗ್ಗಿನಿಂದ ಕೇಳಿಸಿತು.

ಸಂಜೆ ಬಂದ ಕಮಲಕ್ಕ ಹಿತ್ತಲ ಬಾಗಿಲಲ್ಲೇ ನಿಂತರು. “ಇದೇನ್ರೀ ಇದು?”

“ಫಾಲ್ಸ್! ನೀನೇ ಹೇಳಿದ್ದಲ್ವಾ?”

ಕಮಲಕ್ಕ ಹೊಸಿಲ ಮೇಲೆ ಕೂತೇ ಬಿಟ್ಟರು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. “ಅಯ್ಯೋ ದೇವ್ರೇ, ನಾನು ಹೇಳಿದ್ದು ಸೀರೆ ಫಾಲ್ಸ್ ರೀ! ಅಂಚಿಗೆ ಪಟ್ಟಿ ಹಚ್ಚಲ್ವಾ, ಅದು!”

ಭಾನುವಾರ ಕಮಲಕ್ಕ ಗಂಡನಿಂದ ಕಲ್ಲುರಾಶಿ ತೆಗೆಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಂಡಕ್ಕಿಳಿದರು. ಎತ್ತರವಿದ್ದ ಪೂರ್ವದ ದಡವನ್ನು ಗುದ್ದಲಿಯಲ್ಲಿ ಕೆರೆದು ಒಂದು ಗೇಣು ತಗ್ಗಿಸಿದರು. ಪ್ಲಾಸ್ಟಿಕ್ಕಿನ ಅಂಚನ್ನು ಹೊರಕ್ಕೆ ಮಡಚಿ, ಸಣ್ಣ ಚರಂಡಿ ತೋಡಿ ಅದರಲ್ಲಿ ಹೂತರು. ಮೇಲೆ ಬೇರು ಸಮೇತ ಎತ್ತಿದ ಗರಿಕೆಯ ಹೆಂಟೆಗಳನ್ನು ಒಂದಕ್ಕೊಂದು ತಾಗಿಸಿ ಕೂರಿಸಿದರು. ನೀರಿನೊಳಗೆ ಅಂಚಿನುದ್ದಕ್ಕೂ ಬಿಟ್ಟಿದ್ದ ಮೆಟ್ಟಿಲಲ್ಲಿ ಪ್ಲಾಸ್ಟಿಕ್ಕಿನ ಮೇಲೆಯೇ ಜೇಡಿಮಣ್ಣು ಮೆತ್ತಿ ಒಂದೆಲಗ, ಬಜೆ ನೆಟ್ಟರು. ಸಂಜೆ ಹೊತ್ತಿಗೆ ಪ್ಲಾಸ್ಟಿಕ್ ಇದೆ ಎಂದು ಪ್ರಮಾಣ ಮಾಡಿದರೂ ಯಾರೂ ನಂಬುವಂತಿರಲಿಲ್ಲ.

“ಇದು ನಾನೇ ಮಾಡಿದ್ದು ಅಂತ ನಂಬೋಕಾಗ್ತಿಲ್ಲ ಕಮಲಾ!”

“ನಂಬಬೇಡಿ. ನಾನು ಮಾಡಿದ್ದು.”

ಸೋಮವಾರ ಬೆಳಿಗ್ಗೆ ವೀರಬಸಮ್ಮನವರು ಪೂಜೆಯ ಬುಟ್ಟಿ ಹಿಡಿದು ಬಸ್ಸಿಳಿದರು. ಬಂದವರೇ ಹಿತ್ತಲಿಗೆ ನಡೆದು ಸರೋವರಕ್ಕೆ ಎರಡು ಸುತ್ತು ಬಂದರು. ಗಂಗಾಧರ್ ಉಸಿರು ಬಿಗಿಹಿಡಿದರು. ಅತ್ತೆ ಬಗ್ಗಿ, ಬೊಗಸೆಯಲ್ಲಿ ನೀರೆತ್ತಿ ತೀರ್ಥದಂತೆ ಬಾಯಿಗೆ ಹಾಕಿಕೊಂಡರು. ಅಂದು ಬೆಳಿಗ್ಗೆಯಷ್ಟೇ ಬಿಟ್ಟಿದ್ದ ನಲ್ಲಿ ನೀರಲ್ಲಿ ಬ್ಲೀಚಿಂಗ್ ಪೌಡರ್ ಘಮಘಮಿಸುತ್ತಿತ್ತು.

“ಏನೋ ಔಷಧಿ ವಾಸನೆ ಇದೆ” ಎಂದರು ಅತ್ತೆ, ಕಣ್ಣು ಮುಚ್ಚಿ. “ಗಿಡಮೂಲಿಕೆ ಬೇರು ತಾಗಿ ಬಂದ ನೀರು!”

ಗಂಗಾಧರ್ ಉಸಿರು ಬಿಟ್ಟರು.

“ನೀರಿನ ಅಂಚಲ್ಲಿ ಎರಡು ಬಾಳೆಕಂದು ನಿಲ್ಲಿಸಬೇಕು” ಎಂದು ಅಪ್ಪಣೆಯಾಯಿತು. ಪೂಜೆ ಪುನಸ್ಕಾರ ಎಂದರೆ ಮುಂದೆ ಬೀಳುವ ಕಾಂತೇಶ ತನ್ನ ಹಿತ್ತಲಿಂದಲೇ ಬಾಳೆ ಕಡಿದು ತಂದ. ಗಂಗಾಧರ್ ಒಳಗೆ ತೆಂಗಿನಕಾಯಿ ಸುಲಿಯುತ್ತಿದ್ದಾಗ ಹಿತ್ತಲಿಂದ ಧಡ್, ಧಡ್ ಎಂದು ಸದ್ದು ಕೇಳಿತು. ಓಡಿ ಬಂದು ನೋಡಿದರೆ, ಬಾಳೆ ಕಟ್ಟಲು ಎರಡು ಗೂಟಗಳನ್ನು ಅವನು ಒಂದೆಲಗದ ನಡುವೆಯೇ ಮೊಣಕಾಲುದ್ದ ಇಳಿಸಿದ್ದಾನೆ!

“ಅಲ್ಲಿ ಬೇಡ ಮಾರಾಯ!”

“ಯಾಕೆ ಗಂಗಣ್ಣ?”

ಅತ್ತೆಯೂ ತಿರುಗಿ ನೋಡಿದರು. ಗಂಗಾಧರ್ ತಡವರಿಸಿದರು. “ಏನಿಲ್ಲ... ಒಂದೆಲಗ ಹಾಳಾಗುತ್ತಲ್ಲ ಅಂತ.”

“ತಂಬುಳಿಗೆ ಬೇರೆ ಕಡೆ ಸಿಗುತ್ತೆ ಬಿಡಿ” ಎಂದು ಕಾಂತೇಶ ಇನ್ನೊಂದು ಪೆಟ್ಟು ಹಾಕಿದ.

ಪೂಜೆ ಸಾಂಗವಾಗಿ ನಡೆಯಿತು. “ನಮ್ಮ ಅಳಿಯ ಅಂದ್ರೆ ಸುಮ್ನೆ ಅಲ್ಲ” ಎಂದು ವೀರಬಸಮ್ಮನವರು ಮಗಳಿಗೆ ಹೇಳಿದ್ದು ಗಂಗಾಧರರ ಕಿವಿಗೂ ಬಿತ್ತು. ಗೂಟದ ಚಿಂತೆ ಹಾರಿಹೋಯಿತು. ಊಟಕ್ಕೆ ಕೂತು, ಎರಡನೆಯ ಹೋಳಿಗೆಗೆ ತುಪ್ಪ ಬೀಳುತ್ತಿದ್ದಾಗ ಕಾಂತೇಶ ಮೊಬೈಲು ಹಿಡಿದು ಓಡೋಡಿ ಬಂದ.

“ಗಂಗಣ್ಣ! ನಮ್ಮ ಹಿತ್ತಲಲ್ಲೂ ಒರತೆ ಎದ್ದಿದೆ! ಗೋಡೆ ಬುಡದಲ್ಲಿ ಬುಳುಬುಳು ಅಂತ ಬರ್ತಿದೆ! ನಾಳೆ ಬೋರ್ ಹೊಡೆಯೋಕೆ ಬರೋರಿಗೆ ಬೇಡ ಅಂದುಬಿಡ್ತೀನಿ, ಅಲ್ಲೇ ಬಾವಿ ತೋಡಿಸ್ತೀನಿ!”

“ನೋಡಿದ್ರಾ, ಅಳಿಯಂದ್ರ ಗಂಗೆ ಅಕ್ಕಪಕ್ಕದೋರಿಗೂ ಒಲಿದಳು!” ಎಂದು ಅತ್ತೆ ಕೈ ಮುಗಿದರು.

ಗಂಗಾಧರ್ ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಹಾಕಿದರು. ಸುಮ್ಮನಿದ್ದರೆ ಹೊಗಳಿಕೆ ಉಳಿಯುತ್ತದೆ. ಕಾಂತೇಶ ಮಾತ್ರ ನೀರಿಲ್ಲದ ಕಡೆ ಬಾವಿ ತೋಡಿಸಿ ಕೆಡುತ್ತಾನೆ. ಅವನ ಬೆರಳು ಮೊಬೈಲಿನ ಮೇಲೆ ಓಡುತ್ತಿತ್ತು. ಗಂಗಾಧರ್ ಎಂಜಲು ಕೈಯಲ್ಲೇ ಎದ್ದು ನಿಂತರು.

“ಫೋನ್ ಮಾಡಬೇಡ ಮಾರಾಯ. ಅದು ಒರತೆ ಅಲ್ಲ. ನಮ್ಮ ಹೊಂಡ.”

ಮೊದಲ ಸಲ ಅವರೇ ಅದನ್ನು ‘ಹೊಂಡ’ ಎಂದಿದ್ದರು. ಎಲ್ಲರೂ ಹಿತ್ತಲಿಗೆ ಹೋಗಿ ನೋಡಿದರು. ಗೂಟ ಕೊರೆದ ತೂತಿನಿಂದ ನೀರು ಸೋರಿ ತಳ ಕಂಡಿತ್ತು. ಅಂಚಿನ ಹಸಿರಿನ ಕೆಳಗೆ ಪ್ಲಾಸ್ಟಿಕ್ಕು ನಾಲ್ಕೂ ಕಡೆ ಕರ‍್ರಗೆ ಹೊಳೆಯುತ್ತಿತ್ತು, ತಾವರೆ ಮಗ್ಗುಲಾಗಿ ಮಲಗಿತ್ತು.

“ಒರತೆ ಬರಲೇ ಇಲ್ಲ ಅತ್ತೆ. ನಲ್ಲಿ ನೀರು ತುಂಬಿಸಿದ್ದು. ಮೊದಲನೇ ಸಲ ಹೊಗಳಿದ್ರಲ್ಲ, ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ” ಎಂದರು ಗಂಗಾಧರ್, ತಲೆ ತಗ್ಗಿಸಿ.

ವೀರಬಸಮ್ಮನವರು ಬಗ್ಗಿ ಗರಿಕೆಯ ಹೆಂಟೆಯೊಂದನ್ನು ಎತ್ತಿ ನೋಡಿದರು. “ಅಂಚು ಮುಚ್ಚಿದ್ದು ಯಾರು?”

“ಕಮಲಾ.”

“ಹಾಗೇ ಅಂದುಕೊಂಡೆ. ಅದೊಂದು ಕೆಲಸ ಅಚ್ಚುಕಟ್ಟಾಗಿತ್ತು.”

ಕಾಂತೇಶ ಮಾತ್ರ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದ. ಕಮಲಕ್ಕನಿಗೆ ಅಯ್ಯೋ ಎನಿಸಿತು. “ಯಾಕೋ? ಬೋರಿನೋರಿಗೆ ಆಗ್ಲೇ ಹೇಳಿಬಿಟ್ಯಾ?”

“ಅವರಿಗಿನ್ನೂ ಹೇಳಿಲ್ಲ ಕಮಲಕ್ಕ” ಎಂದ ಕಾಂತೇಶ, ಅಳುವ ದನಿಯಲ್ಲಿ. “ಶೃಂಗೇರಿಯಲ್ಲಿರೋ ನಮ್ಮ ಅತ್ತೆಗೆ ಹೇಳಿಬಿಟ್ಟೆ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಮೊದಲನೇ ಸಲ ‘ಭೇಷ್’ ಅಂದ್ರು. ನಾಳೆ ಮೊದಲನೇ ಬಸ್ಸಿಗೆ ನೋಡೋಕೆ ಬರ್ತಾರಂತೆ.”

ಗಂಗಾಧರ್ ಮತ್ತು ಕಾಂತೇಶ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ವೀರಬಸಮ್ಮನವರೇ ಅಳಿಯನ ಕಡೆ ತಿರುಗಿದರು.

“ಏನು ನೋಡ್ತಾ ನಿಂತಿದೀರಿ? ಹೋಗಿ, ಪೈಪ್ ತಂದು ಹೊಂಡಕ್ಕೆ ನೀರು ಬಿಡಿ. ಅವನ ಅತ್ತೆಯಾದ್ರೂ ಅಳಿಯನ್ನ ಹೊಗಳಲಿ!”