ಮಾಳಪ್ಪನ ಮೀಸೆ ಮತ್ತು ಎಂಟು ಬಿಳಿ ತತ್ತಿ

ಮಾಳಪ್ಪ ಹುಬ್ಬಳ್ಳಿಯಿಂದ ಎಂಟು ಬಿಳಿ ಫಾರ್ಮ್ ತತ್ತಿ ತಂದು, ಬಾಜು ಮನೆಯ ರಹೀಮಾಬಿಯ ಕಾವು ಕೋಳಿಯ ಕೆಳಗೆ ಇಡಲು ಕೊಟ್ಟಿದ್ದ. ಮರಿಯಲ್ಲಿ ಇಬ್ಬರಿಗೂ ಅರ್ಧರ್ಧ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಪ್ಯಾಟಿ ತತ್ತಿಯಿಂದ ಮರಿ ಎಲ್ಲಿ ಬರುತ್ತದೆ ಎಂದು ಕ್ಷೌರದ ಹನಮಪ್ಪ ನಕ್ಕಿದ್ದಕ್ಕೆ, "ಬರದಿದ್ರ ಮೀಸಿ ಬೋಳಿಸ್ಕೋತೀನಿ!" ಎಂದು ಚಹಾದಂಗಡಿಯಲ್ಲಿ ತೊಡೆ ತಟ್ಟಿಬಿಟ್ಟ. ಶಲವಡಿ ಊರಿನಲ್ಲಿ ಆ ಮೀಸೆಗೆ ಮಾಳಪ್ಪನಿಗಿಂತ ಹೆಚ್ಚು ಮರ್ಯಾದೆ ಇತ್ತು.

ಮರಿ ಹೊರಬರಬೇಕಾದ ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ದನದ ಡಾಕ್ಟರು ಚಹಾಕ್ಕೆ ಬಂದವರು ವಿಷಯ ಕೇಳಿ ಅವನನ್ನು ಪಕ್ಕಕ್ಕೆ ಕರೆದರು.

"ಹೋರಿ ಇಲ್ಲದ ಆಕಳ ಈಯತೈತೇನೋ? ಟಗರಿಲ್ಲದ ಕುರಿ?"

"ಇಲ್ರಿ."

"ಕೋಳಿ ಹುಂಜ ಇಲ್ಲದಿದ್ರೂ ತತ್ತಿ ಇಡತೈತಿ. ಆದ್ರ ಅದರಾಗ ಮರಿ ಆಗೂದಿಲ್ಲ. ಫಾರ್ಮ್ ಕೋಳಿ ಹುಂಜದ ಮಾರಿನ ನೋಡಿರೂದಿಲ್ಲೋ!"

ಮಾಳಪ್ಪನ ಕೈ ತಾನಾಗಿಯೇ ಮೀಸೆಗೆ ಹೋಯಿತು. ಮಧ್ಯಾಹ್ನ ಮೂರಕ್ಕೆ ಓಣಿಯವರೆಲ್ಲ ರಹೀಮಾಬಿಯ ಮನೆಗೆ ಕಾವಿನ ಬುಟ್ಟಿ ನೋಡಲು ಸೇರುವವರಿದ್ದರು.

ಸೈಕಲ್ ಹತ್ತಿ ಅಣ್ಣಿಗೇರಿಗೆ ಓಡಿದ. ಅಕ್ಕ ಬಸಕ್ಕನ ಮನೆಯಲ್ಲಿ ಹಿಂದಿನ ದಿನವಷ್ಟೇ ಹುಟ್ಟಿದ ಮರಿಗಳಿದ್ದವು. ಆರನ್ನು ಕಾಡಿ ಬೇಡಿ ಪಡೆದು, ಅಂಗಿಯೊಳಗೆ ಬಿಟ್ಟುಕೊಂಡು, ಹೊಟ್ಟೆಯೆಲ್ಲ ಪರಚಿಸಿಕೊಳ್ಳುತ್ತ ವಾಪಸು ಬಂದ. ಓಣಿಯ ಬಾಯಲ್ಲೇ ಹನಮಪ್ಪ ಕತ್ತಿಯ ಪೆಟ್ಟಿಗೆ ಹಿಡಿದು ನಿಂತಿದ್ದ.

"ಲೇ ಮಾಳಪ್ಪ, ನಿನ್ನ ಹೊಟ್ಟಿ ಯಾಕೋ ಚಿಂವ್ ಚಿಂವ್ ಅನ್ನಾಕತ್ತೈತಿ?"

"ಹಸಿವಿ ಮಾರಾಯಾ! ಮುಂಜಾನಿಂದ ರೊಟ್ಟಿ ಕಂಡಿಲ್ಲ."

ರಹೀಮಾಬಿ ನೀರಿಗೆ ಹೋಗಿದ್ದಳು. ಮಾಳಪ್ಪ ಹಿತ್ತಲಿನಿಂದ ನುಸುಳಿ ಕತ್ತಲ ಮೂಲೆಯ ಬುಟ್ಟಿಗೆ ಕೈ ಹಾಕಿದ. ಒಂದು ಮರಿಗೆ ಒಂದು ಸಲದಂತೆ ಕೋಳಿ ಕುಕ್ಕಿತು. ಕೂಗುವಂತಿಲ್ಲ, ಮರಿ ಎಣಿಸಲು, ಕೆಳಗಿನ ತತ್ತಿ ತೆಗೆಯಲು ಪುರುಸೊತ್ತೂ ಇಲ್ಲ, ಹೊರಗೆ ಆಗಲೇ ಜನರ ದನಿ. ಅಂಗಿಯೊಳಗೆ ಕೈಗೆ ಸಿಕ್ಕಿದ್ದನ್ನೆಲ್ಲ ಕೋಳಿಯ ರೆಕ್ಕೆಯಡಿ ತುರುಕಿ, ಸುತ್ತು ಹಾಕಿ ಬಂದು ಗುಂಪಿನಲ್ಲಿ ಸೇರಿಕೊಂಡ.

ಮೂರಕ್ಕೆ ರಹೀಮಾಬಿ ಕೋಳಿಯನ್ನು ಎತ್ತಿದಳು. ಬುಟ್ಟಿಯ ತುಂಬ ಮರಿ. ಹನಮಪ್ಪ ಎರಡು ಸಲ ಎಣಿಸಿದ.

"ಎಂಟು ತತ್ತಿಗೆ ಹದಿಮೂರು ಮರಿ?"

ಮಾಳಪ್ಪ ಬುಟ್ಟಿಗೆ ಬಗ್ಗಿ ನೋಡಿದ. ಆರು ಇರಬೇಕಿತ್ತಲ್ಲ! ಆದರೂ ಮೀಸೆ ತಿರುವಿದ. "ಪ್ಯಾಟಿ ತತ್ತಿ ಅಂದ್ರ ಹಂಗ! ಅವಳಿ ಜವಳಿ ಬರ್ತಾವ!"

ರಹೀಮಾಬಿಯ ಮುಖ ಬಿಳಿಚಿಕೊಂಡಿತು. "ಮಾಳಪ್ಪಣ್ಣ, ನಿಮ್ಮ ಮೀಸಿ ಉಳೀಲಿ ಅಂತ ಸುಮ್ಮನಿರಬೇಕಂತಿದ್ದೆ. ಹದಿಮೂರು ನೋಡಿ ಅಂಜಿಕಿ ಬಂತು. ಆ ಬಿಳಿ ತತ್ತಿಯೊಳಗ ಮರಿ ಆಗೂದಿಲ್ಲಂತ ಗೊತ್ತಿತ್ತು. ಅವನ್ನ ಅವತ್ತ ಹುರದು ತಿಂದು, ನಮ್ಮ ನಾಡಕೋಳಿ ತತ್ತಿ ಎಂಟು ಇಟ್ಟಿದ್ದೆ. ಎಂಟು ಮರಿ ಆ ತತ್ತಿಯವು. ಉಳಿದ ಐದು ಯಾರವಣ್ಣ?"

ಸುಮ್ಮನೆ ಮನೆಯಲ್ಲಿ ಮಲಗಿದ್ದರೂ ಮೀಸೆ ಉಳಿಯುತ್ತಿತ್ತು! ಈಗ ತನ್ನವೆಂದರೆ ಮೋಸ ಬಯಲಾಗುತ್ತದೆ.

"ಅವೂ ನಿಮ್ಮವ ಇರಬೇಕು ತಂಗಿ," ಎಂದ ಮಾಳಪ್ಪ, ಅಳು ನುಂಗಿಕೊಂಡು. ಮರಿ ಹೋದವು, ಬಿಳಿ ತತ್ತಿಯಿಂದ ಮರಿ ಬರಲಿಲ್ಲವೆಂದ ಮೇಲೆ ಮೀಸೆಯೂ ಹೋಗಲಿದೆ. ಮೋಸಗಾರ ಎನಿಸಿಕೊಳ್ಳಲಿಲ್ಲವಲ್ಲ ಎಂಬುದೊಂದೇ ಸಮಾಧಾನ.

ಹನಮಪ್ಪ ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಮೀಸೆಗೆ ನೀರು ಹಚ್ಚಿ, ಕತ್ತಿ ಎತ್ತಿದ. ಆಗ ಮಾಳಪ್ಪನ ಅಂಗಿಯೊಳಗಿಂದ ಸಣ್ಣ ದನಿಯೊಂದು ಬಂತು. ಚಿಂವ್.

"ಹಸಿವಿ ಇನ್ನೂ ಹೋಗಿಲ್ಲೇನೋ ಮಾಳಪ್ಪ?" ಎನ್ನುತ್ತ ಹನಮಪ್ಪ ಓಣಿಯವರೆದುರಿಗೇ ಅಂಗಿಯ ಗುಂಡಿ ಬಿಚ್ಚತೊಡಗಿದ.