ಜವಾರಿ ತಳಿಯ ಮೈನೋವು

ದನದ ದವಾಖಾನೆಯವನಿಗೆ ಕಾಯಿಲೆ ಬಂದರೆ ಅಯ್ಯೋ ಅನ್ನುವವರಿಗಿಂತ ನಗುವವರೇ ಹೆಚ್ಚು. ರಾಯಬಾಗದ ಸುತ್ತಲಿನ ಹಳ್ಳಿಗಳಲ್ಲಿ ಇಪ್ಪತ್ತು ವರ್ಷ ಪಶುವೈದ್ಯರ ಕೈಕೆಳಗೆ ಎಮ್ಮೆ, ಆಡುಗಳ ಹೆರಿಗೆ ಮಾಡಿಸಿದ ನನಗೆ ಹೋದ ವರ್ಷ ಮೈತುಂಬ ನೋವು ಹತ್ತಿಕೊಂಡಿತು. ಅಂದಿನಿಂದ ನನ್ನ ಪಾಲಿಗೆ ಇಂಥ ಫಜೀತಿಗಳು ನಿಂತೇ ಇಲ್ಲ.

ಪೂರಾ ಫೋಟೋ

ಸೋಮವಾರ ಮೊಣಕಾಲು, ಮಂಗಳವಾರ ಹೆಗಲು, ಬುಧವಾರ ಎಲ್ಲವೂ ಕೂಡಿಕೊಂಡು. ಸಂಜೆಯಾದರೆ ಸಣ್ಣ ಜ್ವರ, ಆಮೇಲೆ ಬೆವರು. ಹೆಂಡತಿಯನ್ನು ಕರೆದುಕೊಂಡು ಗಡಿಯಾಚೆಯ ಒಂದು ದೊಡ್ಡ ಆಸ್ಪತ್ರೆಗೆ ಹೋದೆ. ಎಲ್ಲಿ ನೋವು ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದರು. ಎಲ್ಲ ಕಡೆ ಅನ್ನಲು "ಸಗಳೀಕಡೆ" ಅಂದೆ. "ಸಗಳೀಕಡೆ ಮ್ಹಣಜೆ ಕುಠೆ?" ಅಂದರು. ಎಲ್ಲ ಕಡೆ ಅಂದರೆ ಎಲ್ಲಿ ಎಂದು ಕೇಳಿದ್ದಕ್ಕೆ ಎರಡೂ ಕೈಯಿಂದ ಮೈಯೆಲ್ಲ ಮುಟ್ಟಿ ತೋರಿಸಿದೆ.

ಎಕ್ಸ್‌ರೇ ತೆಗೆಯುವವನಿಗೂ ಅದೇ ಚಿಂತೆ, ಯಾವ ಜಾಗದ್ದು ತೆಗೆಯಬೇಕು? ನನ್ನ ಹೆಂಡತಿಯೇ ತೀರ್ಮಾನ ಮಾಡಿದಳು: "ಪಾಸ್‌ಪೋರ್ಟ್ ಸೈಜ್ ಬ್ಯಾಡ್ರಿ, ನೆತ್ತಿಯಿಂದ ಹಿಮ್ಮಡಿ ತನಕ ಪೂರಾ ತಗೀರಿ!"

ಎಲ್ಲ ರಿಪೋರ್ಟೂ ನಾರ್ಮಲ್ ಬಂದವು. ಬಸ್ಸಿನಲ್ಲಿ ಅವಳ ಮುಖ ಬಿಗಿದಿತ್ತು. "ಎಲ್ಲಾ ನಾರ್ಮಲ್ ಐತಿ ಅಂದ್ರ ನೋವು ಎಲ್ಲಿಂದ ಬರಾಕತ್ತೈತ್ರಿ? ಕಬ್ಬಿಗೆ ನೀರ ಹಾಸಾಕ ಹೋಗ್ರಿ ಅಂದಾಗಷ್ಟ ಬರ್ತೈತಲ್ಲ!" ಊರು ನಕ್ಕಿದ್ದಕ್ಕೆ ನನಗೆ ಬೇಜಾರಿರಲಿಲ್ಲ. ಇವಳೂ ನಾಟಕ ಅಂದುಕೊಂಡಳಲ್ಲ, ಅದು ಮೊಣಕಾಲಿಗಿಂತ ಹೆಚ್ಚು ನೋಯಿತು. ಇವಳೊಬ್ಬಳು ನಂಬಿದರೆ ಸಾಕು ಅನಿಸಿಬಿಟ್ಟಿತ್ತು. ಅವಳು ಮಾತ್ರ ಊರು ಬರುವ ತನಕ ಕಿಟಕಿಯ ಕಡೆ ಮುಖ ಮಾಡಿ, ನನ್ನ ಪೂರಾ ಫೋಟೋ ತೊಡೆಯ ಮೇಲಿಟ್ಟುಕೊಂಡು ಕಡಲೆಕಾಯಿ ಸುಲಿದಳು.

ನೊರೆಹಾಲು

ಪಾಲಬಾವಿಯಲ್ಲಿ ಆಡು ಸಾಕುವ ಒಬ್ಬ ಅಜ್ಜ ನನ್ನ ಕುಂಟು ನೋಡಿ ಮರುಗಿದ. "ಸಾಹೇಬ್ರ, ಆಡಿನ ಮೊಲಿಗೆ ಚರಿಗಿ ಹಿಡೀರಿ, ಬಿಸಿ ನೊರಿಹಾಲ ಹಂಗ ಕುಡೀರಿ. ಕಾಸಿದ್ರ ಅದರ ಸತ್ವನ ಹೋಗ್ತೈತಿ."

ತಿಂಗಳು ಕುಡಿದೆ. ನೋವು ಇಮ್ಮಡಿಯಾಯಿತು. ಹೋಗಿ ಹೇಳಿದರೆ, "ಎಷ್ಟ ಕುಡ್ಯಾಕತ್ತೀರಿ?" ಅಂದ.

"ಒಂದ ಚರಿಗಿ."

"ಅದಕ್ರೀ ಮತ್ತ! ಎರಡ ಮಾಡ್ರಿ."

ನೀನೆಷ್ಟು ಕುಡಿಯುತ್ತೀ ಅಂದೆ. "ನಾ ಮೂರ" ಅಂದ, ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡು, ಯವ್ವಾ ಎನ್ನುತ್ತಾ ಮೇಲೇಳುತ್ತ.

ಗೊತ್ತಿಲ್ಲ ಅಂದ ಡಾಕ್ಟರು

ಕೆಲವೇ ದಿನಗಳಲ್ಲಿ ಆ ಅಜ್ಜನ ಆಡುಗಳು ದಿನ ತುಂಬುವ ಮೊದಲೇ ಕಂದು ಹಾಕತೊಡಗಿದವು. ರಕ್ತ ತೆಗೆಯಲು ಬಂದ ನಮ್ಮ ಪಶುವೈದ್ಯರು, ಆಡು ಹಿಡಿದುಕೊಂಡು ನರಳುತ್ತಿದ್ದ ನನ್ನನ್ನೇ ದಿಟ್ಟಿಸಿದರು. "ಆಡು ಈದ ಮ್ಯಾಲ ಬರಿಗೈಲೆ ಮಾಸ ತಗೀತಿ, ಹಸಿಹಾಲ ಕುಡೀತಿ. ಈ ಕಂದು ಹಾಕೂ ರೋಗದ ಬ್ಯಾಕ್ಟೀರಿಯಾ ಮನಷ್ಯಾರಿಗೂ ಬರ್ತೈತಪಾ. ಮೊದಲ ನಿನ್ನ ರಕ್ತ ತೋರಸು" ಅಂದರು.

ರಾಯಬಾಗದ ಮನುಷ್ಯರ ಡಾಕ್ಟರ ಹತ್ತಿರ ಓಡಿದೆ. ಅವರು ಗಲ್ಲದ ಮೇಲೆ ಕೈಯಿಟ್ಟು ಎಲ್ಲ ಕೇಳಿಸಿಕೊಂಡು ಹೇಳಿದರು: "ಇರಬಹುದು, ಇರಲಿಕ್ಕೂ ಇಲ್ಲ. ಕೆಲವರಿಗೆ ಬ್ಯಾಕ್ಟೀರಿಯಾ ಹೋದ ಮ್ಯಾಲೂ ನೋವು ಉಳೀತೈತಿ. ಬ್ಯಾಕ್ಟೀರಿಯಾ ಇಲ್ದನೂ ಮೈತುಂಬ ನೋವು ಇರ್ತೈತಿ. ಯಾವುದರಿಂದ ಯಾವುದು, ನನಗೂ ಖರೇನ ಗೊತ್ತಿಲ್ಲ."

ವರ್ಷದಲ್ಲಿ ಗೊತ್ತಿಲ್ಲ ಅಂದ ಮೊದಲ ಡಾಕ್ಟರು ಅವರೇ. ನನಗೆ ಎಷ್ಟು ಧೈರ್ಯ ಬಂತೆಂದರೆ, ರಕ್ತ ಪರೀಕ್ಷೆಗೆ ಅವರು ಕೊಟ್ಟ ಚೀಟಿಯನ್ನು ಅವರ ಟೇಬಲ್ಲಿನ ಮೇಲೇ ಮರೆತು ಮನೆಗೆ ಬಂದೆ.

ಫಾರಂ

ಚೀಟಿ ಇಲ್ಲ, ಆದರೆ ಲ್ಯಾಬಿಗೆ ಕಳಿಸಬೇಕಾದ ಆಡುಗಳ ರಕ್ತದ ಡಬ್ಬಿ ನನ್ನ ಕೈಯಲ್ಲೇ ಇತ್ತು. ಇಪ್ಪತ್ತು ವರ್ಷದ ರೂಢಿ, ನನ್ನದೂ ಒಂದು ಸೀಸೆ ತುಂಬಿ ಸಾಲಿನಲ್ಲಿ ಇಟ್ಟೆ. ಸೀಸೆಗೊಂದು ಫಾರಂ ಬೇಕು. ಖಾಲಿ ಜಾಗ ಬಿಟ್ಟರೆ ವಾಪಸು ಬರುತ್ತದೆ, ಅದಕ್ಕೆ ಪ್ರಾಮಾಣಿಕವಾಗಿ ತುಂಬಿದೆ. ತಳಿ: ಜವಾರಿ. ಕಿವಿಯ ಬಿಲ್ಲೆ: ಹಾಕಿಲ್ಲ. ಎಷ್ಟು ಮರಿ: ಎರಡು. ಸದ್ಯ ಗಬ್ಬ ಇದೆಯೇ: ಇಲ್ಲ. ಮಾಲೀಕರು ಅಂದಲ್ಲಿ ಸ್ವಲ್ಪ ಹೊತ್ತು ಯೋಚಿಸಿ ಹೆಂಡತಿಯ ಹೆಸರು ಬರೆದೆ.

ಹಾಗಾಗಿ ಲ್ಯಾಬಿನ ಲಕೋಟೆ ನೇರ ಅವಳ ಹೆಸರಿಗೇ ಬಂತು. ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಿದಳು: "ಪಾಸಿಟಿವ್. ಈ ಪ್ರಾಣಿಯನ್ನು ಕೂಡಲೇ ಬೇರೆ ಕಟ್ಟಬೇಕು. ಇದರ ಹಾಲು ಬಳಸಬಾರದು. ತಳಿ ಬೆಳೆಸಲು ಬಿಡಬಾರದು. ಯಾರಿಗೂ ಮಾರಬಾರದು."

ಯಾವ ಪ್ರಾಣಿ ಎಂದು ಕೇಳಿದಳು. ಹೇಳಿದೆ.

ಮುಂದೆ ಮನುಷ್ಯರ ಡಾಕ್ಟರು ಬೈದು, ಮತ್ತೆ ಪರೀಕ್ಷೆ ಮಾಡಿಸಿ, ವಾರಗಟ್ಟಲೆ ಗುಳಿಗೆ ನುಂಗಿಸಿದರು. ಅರ್ಧ ನೋವು ಹೋಗಿದೆ. ಉಳಿದರ್ಧ ಯಾಕಿದೆ ಅಂದರೆ ಅವರು ಈಗಲೂ ಗಲ್ಲದ ಮೇಲೆ ಕೈಯಿಡುತ್ತಾರೆ. ಆದರೆ ಆ ದಿನ ನನಗಾದ ಸಂತೋಷ ಹೇಳತೀರದು. ಆಡು ಎಂದು ತಿಳಿದಾದರೂ ನನ್ನ ನೋವನ್ನು ಒಂದು ಕಾಗದ ನಂಬಿತ್ತಲ್ಲ!

ಹೆಂಡತಿ ಕಟ್ಟೆಯ ಮೇಲೆ ಕುಸಿದು ಕೂತಳು. "ವರ್ಷ ಪೂರ್ತಿ ನರಳಿದ್ರಿ, ನಾ ನಂಬಲಿಲ್ಲಲ್ರೀ..." ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳು ಕಾಗದವನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ಓದಿ, ಮಡಚಿ, ಎದ್ದು ನಿಂತಳು.

"ಹಾಲ ಕೊಡೂದಿಲ್ಲ, ಮಾರಾಕೂ ಬರೂದಿಲ್ಲ. ಆತ್ ಬಿಡ್ರಿ, ಮಾಲೀಕರು ಅಂತ ನನ್ನ ಹೆಸರ ಬರದೀರಿ, ಇರೂತನಾ ನಾನ ಮೇಸ್ತೇನಿ. ಬರ್ರಿ ಒಳಗ, ರೊಟ್ಟಿ ಆರಾಕತ್ತಾವ."