ಮೈಸೂರಿಗೆ ಹೋಗಿಬರುವ ಅಧ್ಯಕ್ಷರು

ನಮ್ಮ ಅಪಾರ್ಟ್‌ಮೆಂಟಿನ ಅಧ್ಯಕ್ಷರು ತಮ್ಮ ಕುರ್ಚಿಗೆ ತಾವೇ ಟವೆಲ್ ಹಾಕಿ, ತಾವೇ ಅದನ್ನು ಎತ್ತಿ, ಮತ್ತೆ ತಾವೇ ಬಂದು ಹಾಕಬಲ್ಲವರು. ಸುಳ್ಳೆನಿಸಿದರೆ ಜೆ.ಪಿ. ನಗರಕ್ಕೆ ಬನ್ನಿ, ತೋರಿಸುತ್ತೇನೆ!

ನಾನು ಮದುವೆಯಾಗಿ ಈ ಅಪಾರ್ಟ್‌ಮೆಂಟಿಗೆ ಬಂದಾಗ ಬಿಲ್ಡರ್‌ನ ಭಾವಮೈದುನ ಅಧ್ಯಕ್ಷನಾಗಿದ್ದ. ಟೆರೇಸೆಲ್ಲ ತನ್ನದೇ ಎಂಬಂತೆ ಬೀಗ ಹಾಕಿಕೊಂಡಿದ್ದ. ಅವನನ್ನು ಎಬ್ಬಿಸಲೆಂದೇ ನಮ್ಮ ಈ ಅಧ್ಯಕ್ಷರು, ಆಗಷ್ಟೇ ಬ್ಯಾಂಕಿನಿಂದ ನಿವೃತ್ತರಾಗಿದ್ದವರು, ಬೈಲಾಗೆ ಒಂದು ನಿಯಮ ಸೇರಿಸಿದರು: ಯಾರೂ ಸತತವಾಗಿ ಎರಡು ಅವಧಿಗಿಂತ ಹೆಚ್ಚು ಅಧ್ಯಕ್ಷರಾಗಿರತಕ್ಕದ್ದಲ್ಲ. ಭಾವಮೈದುನ ಎದ್ದ. ಇವರು ಕೂತರು.

ಎರಡು ಅವಧಿ ಮುಗಿಯುತ್ತ ಬಂತು. ಪಾಪ, ಇನ್ನು ಇವರ ಕಥೆಯೂ ಮುಗಿಯಿತು ಎಂದುಕೊಂಡೆವು. ಅವರು ರಾಜೀನಾಮೆ ಬರೆದು, ಕೀಲಿಗೊಂಚಲನ್ನು ಉಪಾಧ್ಯಕ್ಷರ ಕೈಗಿಟ್ಟು, ಹೆಂಡತಿಯನ್ನು ಕರೆದುಕೊಂಡು ಮೈಸೂರಿನ ತಂಗಿಯ ಮನೆಗೆ ಹೋದರು. ಒಂದು ವಾರ ಬಿಟ್ಟು ಮೈಸೂರು ಪಾಕಿನ ಡಬ್ಬದ ಜೊತೆ ಬಂದವರೇ ಗೊಂಚಲನ್ನು ವಾಪಸು ಇಸಿದುಕೊಂಡು ನಾಮಪತ್ರ ಹಾಕಿದರು!

"ಸತತ ಎಲ್ಲಿ ಬಂತು? ಮಧ್ಯೆ ಗ್ಯಾಪ್ ಇದೆಯಲ್ಲ! ನಾನೀಗ ಹೊಸ ಮುಖ" ಎಂದರು, ಅದೇ ಹಳೆಯ ಪೊದೆಮೀಸೆಯ ಹಿಂದಿನಿಂದ.

ಹೀಗೆ ಅವರು ಹೊಸ ಮುಖವಾಗುತ್ತಾ ಆಗುತ್ತಾ, ನನ್ನ ಮಗ ತೊಟ್ಟಿಲಿನಿಂದ ಇಳಿದು ಬೈಕು ಹತ್ತಿದ. ನಾನೋ, ಒಂದು ಕಿಟ್ಟಿ ಪಾರ್ಟಿಯ ಲೆಕ್ಕವನ್ನೂ ವರ್ಷಪೂರ್ತಿ ನೋಡಿಕೊಳ್ಳಲಾಗದೆ ಕೈಬಿಟ್ಟವಳು. ಆ ಮನುಷ್ಯನನ್ನು ನೋಡಿದರೆ ನನಗೆ ಸಿಟ್ಟಿಗಿಂತ ಬೆರಗೇ ಹೆಚ್ಚು.

ಬೆರಗಿಗೆ ಇನ್ನೊಂದು ಕಾರಣ ಇಡೀ ಕಟ್ಟಡಕ್ಕೆ ಪ್ರಕಟಣೆ ಹೇಳುವ ಮೈಕು. ಅದರ ಪೆಟ್ಟಿಗೆಯ ಕೀಲಿ ಅಧ್ಯಕ್ಷರ ಗೊಂಚಲಿನಲ್ಲೇ ಇರುವುದು ನಮ್ಮಲ್ಲಿನ ಪದ್ಧತಿ. ಮೊದಲೆಲ್ಲ ಬರೀ ನೀರು, ಕರೆಂಟಿನ ಸುದ್ದಿ ಹೇಳುತ್ತಿದ್ದರು. ಕೆಲವು ವರ್ಷಗಳಿಂದ ಅವರಿಗೆ ಏನಾಯಿತೋ ಏನೋ! ಬೆಳಗಿನ ಕಾಫಿಯ ಹೊತ್ತಿಗೆ ಸ್ಪೀಕರುಗಳು ಗಂಟಲು ಸರಿಮಾಡಿಕೊಳ್ಳುತ್ತವೆ:

"ಗಮನಿಸಿ, ಗಮನಿಸಿ. ಇವತ್ತು ಕಾವೇರಿ ನೀರು ಬರುತ್ತೆ. ಗೇಟ್ ಪಕ್ಕದ ಮರ ಪೂರ್ತಿ ಗುಲಾಬಿ ಆಗಿದೆ, ಒಂದೆಲೆ ಕಾಣಿಸ್ತಿಲ್ಲ. ಎರಡನೇ ಮಹಡಿಯವರು ಹೊಸ ಕಾರು ತಂದಿದ್ದಾರೆ, ಹಣ್ಣಾದ ನೇರಳೆ ಬಣ್ಣ. ಜನರೇಟರ್ ಮೇಲೆ ಕಂದು ಬೆಕ್ಕು ಮಲಗಿದೆ, ಯಾರೂ ಆನ್ ಮಾಡ್ಬೇಡಿ."

"ಇದು ಅಸೋಸಿಯೇಷನ್ನೋ, ರೇಡಿಯೋ ಸ್ಟೇಷನ್ನೋ?" ಎಂದು ನಮ್ಮ ಯಜಮಾನರು ಪೇಪರಿನ ಹಿಂದಿನಿಂದ ಗೊಣಗುತ್ತಾರೆ. "ಬೆಕ್ಕಿನ ಬಣ್ಣ ಕಟ್ಟಿಕೊಂಡು ನಮಗೇನಾಗಬೇಕು?"

ಈ ಸಲ ಅಧ್ಯಕ್ಷರು ಮೈಸೂರಿನಲ್ಲಿದ್ದಾಗ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗಿದ್ದವರು ಮೂರನೇ ಮಹಡಿಯ ವಕೀಲರು! ಉಪಾಧ್ಯಕ್ಷರು ಗಾಬರಿಯಿಂದ ಮೈಸೂರಿಗೆ ಫೋನ್ ಮಾಡಿದರು. ಸ್ಪೀಕರ್ ಫೋನಿನಲ್ಲಿ ಆ ಕಡೆಯಿಂದ ಶಾಂತವಾದ ದನಿ: "ಬಾಗಿಲಿನ ಎಡಗಡೆ ಕೆಳಗೆ ಒಂದು ಒದೆ ಕೊಡಿ. ಜೋರಾಗಿ ಅಲ್ಲ ಸಾರ್, ಪ್ರೀತಿಯಿಂದ." ಉಪಾಧ್ಯಕ್ಷರು ಪ್ರೀತಿಯಿಂದ ಒದ್ದರು. ಲಿಫ್ಟು ಇಳಿಯಿತು.

ಬೆವರೊರೆಸಿಕೊಳ್ಳುತ್ತ ಹೊರಬಂದ ವಕೀಲರು ಥ್ಯಾಂಕ್ಸ್ ಹೇಳಲಿಲ್ಲ. "ಮೈಸೂರಲ್ಲಿ ಕೂತು ಇಲ್ಲಿನ ಲಿಫ್ಟ್ ಓಡಿಸೋರು ರಾಜೀನಾಮೆ ಕೊಟ್ಟ ಹಾಗೆ ಹೇಗಾಗುತ್ತೆ ರೀ? ಗ್ಯಾಪೆಲ್ಲಿದೆ?" ಎಂದವರೇ ತಾವೂ ನಾಮಪತ್ರ ಹಾಕಿ, ಅಧ್ಯಕ್ಷರು ಮೈಸೂರಿನಿಂದ ಬಂದು ಹಾಕಿದ ನಾಮಪತ್ರಕ್ಕೆ ಆಕ್ಷೇಪಣೆಯನ್ನೂ ಸಲ್ಲಿಸಿದರು.

ತೀರ್ಪು ಕೊಡುವವರು ಯಾರು? ಚುನಾವಣಾಧಿಕಾರಿಯಾಗಿ ಇಬ್ಬರೂ ಒಪ್ಪಿದ್ದು ನನ್ನನ್ನು!

"ಕಾನ್ವೆಂಟಲ್ಲಿ ಓದಿದೋರು, ಸುಳ್ಳು ಹೇಳೋಕೆ ಬರಲ್ಲ" ಎಂದರು ಅಧ್ಯಕ್ಷರು.

"ಜಗಳ ಆಡೋಕೂ ಬರಲ್ಲ" ಎಂದರು ವಕೀಲರು.

"ಇಬ್ಬರಿಗೂ ನೀನು ಪೂರ್ತಿ ಗೊತ್ತಿಲ್ಲ" ಎಂದರು ನಮ್ಮ ಯಜಮಾನರು.

ಆಕ್ಷೇಪಣೆಯ ಪ್ರತಿಯನ್ನು ಅಧ್ಯಕ್ಷರಿಗೆ ತಲುಪಿಸಲು ಒಂದು ಬೆಳಿಗ್ಗೆ ಅವರ ಮನೆಗೆ ಹೋದೆ. ಅವರಿರಲಿಲ್ಲ, ಬಾಗಿಲು ತೆರೆದವರು ಅವರ ಹೆಂಡತಿ. ಆಕೆ ಕೆಳಗಿಳಿಯುವುದು ಮೈಸೂರಿಗೆ ಹೋಗುವಾಗ ಮಾತ್ರ, ಅದೂ ಕಪ್ಪು ಕನ್ನಡಕ ಹಾಕಿ, ಗಂಡನ ತೋಳು ಹಿಡಿದು. ಮಂಡಿನೋವಿರಬೇಕು ಎಂದು ನಾವೆಲ್ಲ ಅಂದುಕೊಂಡಿದ್ದೆವು.

"ಬಾಮ್ಮ, ಈಗಷ್ಟೇ ಡಿಕಾಕ್ಷನ್ ಇಳೀತು" ಎಂದರು. ಸೀರೆಯ ನೆರಿಗೆ ಅಚ್ಚುಕಟ್ಟಾಗಿತ್ತು. ಆದರೆ ಕಾಲಿನಲ್ಲಿ ಒಂದು ಕಂದು ಚಪ್ಪಲಿ, ಒಂದು ನೀಲಿ ಚಪ್ಪಲಿ. ಲೋಟದ ಅಂಚಿನೊಳಗೆ ಬೆರಳಿಟ್ಟು, ಬೆರಳಿಗೆ ಬಿಸಿ ತಾಗುವವರೆಗೆ ಕಾಫಿ ಸುರಿದರು.

ಅಷ್ಟರಲ್ಲಿ ಕಿಟಕಿಯಾಚೆಯ ಸ್ಪೀಕರ್ ಶುರುವಾಯಿತು: "ಗಮನಿಸಿ, ಗಮನಿಸಿ..." ಆಕೆ ಬೆತ್ತದ ಕುರ್ಚಿಯಲ್ಲಿ ಕೂತು ಮುಖವನ್ನು ಕಿಟಕಿಯತ್ತ ತಿರುಗಿಸಿದರು.

"ಕಣ್ಣು ಹೋಗಿ ಕೆಲವು ವರ್ಷ ಆಯ್ತು" ಎಂದರು, ಹಾಲು ತೀರಿತು ಎಂದಷ್ಟೇ ಸಲೀಸಾಗಿ. "ಮೊದಮೊದಲು ಇವರು ಪಕ್ಕದಲ್ಲಿ ಕೂತು ಅದು ಹಾಗಿದೆ, ಇದು ಹೀಗಿದೆ ಅಂತ ಹೇಳೋರು. ನಾನು ರೇಗಿಬಿಟ್ಟೆ. ನಾನೇನು ಪೇಷೆಂಟಾ? ನನಗೋಸ್ಕರ ಅಂತ ಏನೂ ಹೇಳ್ಬೇಡಿ ಅಂದೆ. ಮಾರನೇ ದಿನದಿಂದ ಬಿಲ್ಡಿಂಗಿಗೆಲ್ಲ ಹೇಳೋಕೆ ಶುರು ಮಾಡಿದ್ರು ನೋಡು!" ಎಂದು ನಕ್ಕರು. "ನಾನೂ ಕೇಳಿಸಿಕೊಳ್ದೇ ಇರೋ ಥರ ಇದ್ದುಬಿಡ್ತೀನಿ."

(ಇದನ್ನು ಬರೆಯುವ ಮುಂಚೆ ಅವರನ್ನು ಕೇಳಿದೆ. "ಹೆಸರು ಹಾಕ್ಬೇಡ. ಕಾಫಿ ಚೆನ್ನಾಗಿತ್ತು ಅಂತ ಮಾತ್ರ ಹಾಕು" ಎಂದರು. ಚೆನ್ನಾಗಿಯೇ ಇತ್ತು.)

ಲಿಫ್ಟು ಬಿಟ್ಟು ಮೆಟ್ಟಿಲಿಳಿದು ಬಂದೆ. ನಿಯಮ ಎತ್ತಿಹಿಡಿದರೆ ಗೊಂಚಲು ವಕೀಲರಿಗೆ ಹೋಗುತ್ತದೆ, ಆ ಕಿಟಕಿ ಸುಮ್ಮನಾಗುತ್ತದೆ. ಕಣ್ಣು ಮುಚ್ಚಿಕೊಂಡು ನಾಮಪತ್ರ ಒಪ್ಪಿಕೊಂಡರೆ? ನಮ್ಮ ಸ್ಕೂಲಿನ ಸಿಸ್ಟರ್ ಇಂದಿಗೂ ನನ್ನ ಕನಸಿನಲ್ಲಿ ಸ್ಕೇಲು ಹಿಡಿದು ಬರುತ್ತಾರೆ!

ಭಾನುವಾರ ಬೇಸ್‌ಮೆಂಟಿನ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ಸೇರಿತು. ಖಾರಾಬಾತಿನ ಘಮದ ನಡುವೆ ವಕೀಲರು ಲಿಫ್ಟಿನ ಪ್ರಕರಣವನ್ನು ಸುಪ್ರೀಂ ಕೋರ್ಟಿನ ಗತ್ತಿನಲ್ಲಿ ಮಂಡಿಸಿದರು.

"ಲಿಫ್ಟು ನನ್ನ ಮಾತು ಕೇಳಿದ್ರೆ ಅದು ನನ್ನ ತಪ್ಪಾ ಸಾರ್?" ಎಂದರು ಅಧ್ಯಕ್ಷರು. ಸಭೆ ಘೊಳ್ಳೆಂದಿತು.

ನಾನು ಎದ್ದು ನಿಂತೆ. ಸ್ಕೂಲಿನ ಎಲೊಕ್ಯೂಷನ್ ಕಾಂಪಿಟಿಷನ್ನಿನಲ್ಲಿ ಭಾಷಣ ಒಪ್ಪಿಸಿದಂತೆ ಒಂದೇ ಉಸಿರಿಗೆ ಹೇಳಿದೆ: "ಅಂಕಲ್ ಬರೆದ ನಿಯಮ ಅಂಕಲ್‌ಗೂ ಅನ್ವಯಿಸುತ್ತೆ. ನಾಮಪತ್ರ ತಿರಸ್ಕರಿಸಿದ್ದೀನಿ."

ಅಧ್ಯಕ್ಷರು ಸೊಂಟದಿಂದ ಗೊಂಚಲು ತೆಗೆದು ಮೇಜಿನ ಮೇಲಿಡಲು ಬಂದರು. ಬೆರಳು ಒಂದು ಸಣ್ಣ ಕೀಲಿಯ ಮೇಲೆ ನಿಂತುಬಿಟ್ಟಿತು. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಮುಖ ನಿಜಕ್ಕೂ ಹಳೆಯದಾಗಿ ಕಂಡಿತು.

"ಆ ಕೀಲಿ ಬೇಡ ಅಂಕಲ್" ಎಂದೆ. "ಬೈಲಾದಲ್ಲಿ ಕುರ್ಚಿಗೆ ಅವಧಿ ಇದೆ. ಮೈಕಿಗೆ ಇಲ್ಲ. ಅದು ನಿಮ್ಮ ಹತ್ರಾನೇ ಇರ್ಲಿ."

ವಕೀಲರು ಆಕ್ಷೇಪಿಸಲು ಎದ್ದರು. ನನ್ನ ಮುಖ ನೋಡಿದರು. ಅಲ್ಲಿ ಸಿಸ್ಟರ್ ಕಂಡಿರಬೇಕು! "ನೋ ಅಬ್ಜೆಕ್ಷನ್ ಮೇಡಂ. ಅಷ್ಟು ಬೆಳಿಗ್ಗೆ ಏಳೋಕೆ ನನ್ನ ಕೈಲೂ ಆಗಲ್ಲ" ಎಂದು ಕೂತರು.

ಅಧ್ಯಕ್ಷರು, ಅಲ್ಲ, ಮಾಜಿ ಅಧ್ಯಕ್ಷರು, ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: "ನಮ್ಮನೆಗೆ ಬಂದಿದ್ರಾ?"

"ಬಂದಿದ್ದೆ ಅಂಕಲ್. ಕಾಫಿ ಚೆನ್ನಾಗಿತ್ತು."

ಅವರು ಬಹಳ ಹೊತ್ತು ಮೀಸೆ ಒರೆಸಿಕೊಂಡರು. ಅದರಲ್ಲಿ ಖಾರಾಬಾತೇನೂ ಅಂಟಿರಲಿಲ್ಲ.

ಮರುದಿನ ಬೆಳಿಗ್ಗೆ ಸ್ಪೀಕರ್ ಗಂಟಲು ಸರಿಮಾಡಿಕೊಂಡಿತು.

"ಗಮನಿಸಿ, ಗಮನಿಸಿ. ಮಾಜಿ ಅಧ್ಯಕ್ಷರ ಪ್ರಕಟಣೆ. ಹೊಸ ಅಧ್ಯಕ್ಷರು ನೀಲಿ ಲುಂಗಿ ಉಟ್ಟು ಸಂಪ್ ಹತ್ರ ನಿಂತಿದ್ದಾರೆ, ಯಾವ ವಾಲ್ವ್ ತಿರುಗಿಸಬೇಕೋ ಗೊತ್ತಾಗ್ತಿಲ್ಲ, ಹೇಳಿಕೊಡ್ತೀನಿ. ಚುನಾವಣಾಧಿಕಾರಿಗಳ ಬಾಲ್ಕನಿಯಲ್ಲಿ ದಾಸವಾಳ ಬಿಟ್ಟಿದೆ. ಪೂರ್ತಿ ಕೆಂಪಲ್ಲ. ಮದುವೇಲಿ ಧಾರೆಗೆ ಉಟ್ಟಿದ್ಯಲ್ಲ, ಆ ಸೀರೆ ಬಣ್ಣ."

ನಮ್ಮ ಯಜಮಾನರು ಪೇಪರ್ ಕೆಳಗಿಟ್ಟರು. "ಯಾರ ಮದುವೆ ಸೀರೆ? ಯಾರಿಗೆ ಹೇಳ್ತಿದ್ದಾರೆ ಇವರು?"

"ಎಲ್ಲರಿಗೂ ರೀ" ಎಂದು ಹೇಳಿ, ನಾನೇ ನೀರೆರೆದು ಬೆಳೆಸಿಯೂ ಆವರೆಗೆ ನೋಡದೇ ಇದ್ದ ಆ ಹೂವನ್ನು ನೋಡಲು ಬಾಲ್ಕನಿಗೆ ಹೋದೆ.